ಸ್ಪೀಕರಿಗೆ ಚುಚ್ಚಿದ ಪಿನ್ನು

ಹನ್ನೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ:
ಸದ್ದಿನೊಳಗಿಂದ ಸದ್ದು ತೆಗೆಯುವುದು.
ಮನಾಮದ ಉಪ್ಪುಗಾಳಿ ಬೆಳಗಾಗುವುದರೊಳಗೆ
ಜ್ಯಾಕಿನ ಬಾಯಿಗೆ ಹಸಿರು ಕಿಲುಬು ಹಚ್ಚುತ್ತದೆ.
ಸಂಜೆ ನಾಲ್ಕಕ್ಕೆ ಸ್ಪಿರಿಟ್ಟು, ಹತ್ತಿ, ಹಳೆಯ ಟೂತ್‌ಬ್ರಶ್ಶು.
ಗುಂಯ್ ಎನ್ನುವ ಆ ನೊಣವನ್ನು ಹೊರಗೋಡಿಸಿದ ಮೇಲೆಯೇ
ಆಲ್ಬನ್ ಕ್ರಾಸ್ತಾ ಗಿಟಾರು ಎತ್ತಿಕೊಳ್ಳುವುದು.

ನೀಲಿ ವೆಲ್ವೆಟ್ಟಿನ ಕೋಟು, ಬಣ್ಣ ಹಚ್ಚಿದ ಉದ್ದ ಕೂದಲು,
ಒಂಬತ್ತೂವರೆ ನಿಮಿಷದ ಅವರದೇ ಹಾಡು.
ನಡುವೆ ರೋಕಿ ಮಸ್ಕರೇನ್ಹಸ್‌ನ ಆರ್ಗನ್ನು.
ಅದು ಶುರುವಾದರೆ ಹಿಂಬಾಗಿಲಿಂದ ಹೋಗಿ
ಒಂದು ಸುಲೇಮಾನಿ ಕುಡಿದು ಬರುವಷ್ಟು ಪುರುಸೊತ್ತು.
ಬಂದಾಗಲೂ ಅವನು ಮೆಟ್ಟಿಲು ಹತ್ತುತ್ತಲೇ ಇರುತ್ತಿದ್ದ.
ತೈಲ ಕಂಪನಿಯ ಸಾಹೇಬರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು,
ಕೆಲವರು ನಿದ್ದೆಯಲ್ಲಿ.

ಎಂಬತ್ತರ ಚಳಿಗಾಲ.
ಮಿನಾ ಸಲ್ಮಾನಿನಲ್ಲಿ ರಿಪೇರಿಗೆ ನಿಂತ ಹಡಗಿನಿಂದ
ಒಬ್ಬ ಹುಡುಗ ಬಂದ. ಕಿವಿಯಲ್ಲಿ ಪಿನ್ನು.
ನಮ್ಮ ಕಡೆ ಹೆಂಗಸರು ಬಳೆಗೆ ನಾಲ್ಕೈದು ಸಿಕ್ಕಿಸಿರುತ್ತಾರಲ್ಲ,
ಸೆರಗು ಜಾರಿದರೆ, ಚಪ್ಪಲಿಯ ಬಾರು ಹರಿದರೆ ಇರಲಿ ಅಂತ,
ಅದೇ ಪಿನ್ನು.
ಪಾಪ, ಇವನ ಕಿವಿಯೇ ಹರಿದಿರಬೇಕು ಅಂದುಕೊಂಡೆ.
ಆರ್ಗನ್ನಿನ ನಡುವೆ ನನ್ನ ಮೇಜಿಗೆ ಬಂದು,
ಜಗಳಕ್ಕಲ್ಲ, ಬಸ್ಸಿನ ಹೊತ್ತು ಕೇಳುವವನ ಹಾಗೆ
"ಇದು ಎಷ್ಟು ಹೊತ್ತಿಗೆ ಮುಗಿಯುತ್ತದೆ?" ಅಂದ.
ನನಗೂ ಗೊತ್ತಿಲ್ಲ ಅಂದೆ.
ನಕ್ಕ. ಒಂದು ಕ್ಯಾಸೆಟ್ಟು ಬಿಟ್ಟುಹೋದ.

ಗುದೈಬಿಯಾದ ಕೋಣೆ, ಆರು ಮಂಚ, ಅನ್ನ ಕುದಿಯುವ ಕುಕ್ಕರು.
"ಇದು ಸಂಗೀತವಲ್ಲ, ಪಾತ್ರೆ ಬೀಳುವುದು" ಅಂದ ರೋಕಿ.
ಕರಾಚಿಯ ಪರ್ಸಿ, ಡ್ರಮ್ಮಿನವ, ಈರುಳ್ಳಿ ಹೆಚ್ಚುತ್ತ ಅಂದ:
"ಹೌದು. ಆದರೆ ಸರಿಯಾದ ಹೊತ್ತಿಗೆ ಬೀಳುತ್ತಿದೆ."
ಆಲ್ಬನ್ ಮಾತಾಡಲಿಲ್ಲ.
ಕ್ಯಾಸೆಟ್ಟು ತಿರುಗಿಸಿ ಹಾಕಿದ. ಮತ್ತೆ ತಿರುಗಿಸಿ ಹಾಕಿದ.
ಅನ್ನ ತಳ ಹಿಡಿಯಿತು.

ಮೂರನೇ ದಿನ ಬಂದು ಕೇಳಿದ:
"ಸಂಜೀವಾ, ಆ ಗುಂಯ್ ವಾಪಸು ಕೊಡು."

ನನಗೆ ಸಿಟ್ಟು ಬಂತು.
ಕಾಪು ಪೇಟೆಯ ರೇಡಿಯೋ ಅಂಗಡಿಯಲ್ಲಿ ವಾಸು ಆಚಾರ್ರು
ಸ್ಪೀಕರಿನ ಹರಿದ ಕಾಗದಕ್ಕೆ ಗೋಂದು ಹಚ್ಚುತ್ತಿದ್ದರು
ಮಗುವಿನ ಮೊಣಕಾಲಿಗೆ ಮುಲಾಮು ಹಚ್ಚಿದ ಹಾಗೆ, ಊದಿ ಊದಿ.
ಅವರ ಶಿಷ್ಯ ನಾನು.
ಜಲಜ ಊರಿಂದ ಕಳಿಸಿದ ಹಪ್ಪಳದ ಕಟ್ಟಿಗೆ
ಸಿಕ್ಕಿಸಿದ್ದಳು ತನ್ನ ಬಳೆಯದೊಂದು ಪಿನ್ನು.
ಅದನ್ನೇ ಬಿಚ್ಚಿ ಮೊದಲ ತೂತು ಹಾಕಿದೆ.
ಕೈ ನಡುಗಿತು.
ಐದನೆಯದಕ್ಕೆ ನಡುಗಲಿಲ್ಲ.
ಎಷ್ಟು ಹಾಕಿದೆನೋ ಆಮೇಲೆ, ಲೆಕ್ಕ ಇಡಲಿಲ್ಲ.

ಗುರುವಾರ ರಾತ್ರಿ ಅದೇ ಹಾಡು ಮೂರು ನಿಮಿಷಕ್ಕೆ ಮುಗಿಯಿತು.
ಎಲ್ಲಿ ನುಗ್ಗಲಿ ಎಂದು ರೋಕಿ ಎರಡೂ ಕೈ ಎತ್ತಿ ಕಾದ,
ಕೈ ಇಳಿಸುವಾಗ ಹಾಡೇ ಇರಲಿಲ್ಲ.
ಸಾಹೇಬರು ಕಣ್ಣು ಬಿಟ್ಟರು.
ಅಡುಗೆಮನೆ ಬಾಗಿಲಿನ ದುಂಡು ಗಾಜಿಗೆ
ಪಾತ್ರೆ ತೊಳೆಯುವವರ ಮುಖಗಳು ಅಂಟಿದವು.
ಹಾಡುವ ಹಿಲರಿ ಕೊನೆಗೆ "ಆಗೋದಿಲ್ಲ!" ಎಂದು ಕಿರುಚಿದ,
ಏನು ಆಗೋದಿಲ್ಲ ಎಂದು ಹಾಡಿನಲ್ಲಿರಲಿಲ್ಲ.
ಅವರ ನಾಲ್ಕು ಪಾಸ್‌ಪೋರ್ಟು, ನನ್ನದೊಂದು,
ಐದೂ ಮ್ಯಾನೇಜರನ ಕಪಾಟಿನಲ್ಲಿದ್ದವು.

ಮ್ಯಾನೇಜರ್ ಬೈಯಲಿಲ್ಲ. ಕ್ಯಾಲ್ಕುಲೇಟರ್ ತೆಗೆದ.
ಕರಾರು ರಾತ್ರಿಗೆ ನಾಲ್ಕು ಗಂಟೆ, ಹಾಡು ಮೂರು ನಿಮಿಷ:
"ಹಾಗಾದರೆ ಎಂಬತ್ತು ಹಾಡು ಬೇಕಲ್ಲ. ಇವೆಯೇ?"
ಇರಲಿಲ್ಲ.

ಹಳೆಯ ಪಟ್ಟಿಗೇ ಮರಳಿದರು. ಆದರೆ ಪೂರ್ತಿ ಮರಳಲಿಲ್ಲ.
ಕೋಟು ಮೊಳೆಯಲ್ಲೇ ಉಳಿಯಿತು, ಜಿರಲೆಗೆ ಮನೆಯಾಗಿ.
ಒಂಬತ್ತೂವರೆ ನಿಮಿಷ ಐದಕ್ಕೆ ಇಳಿದು ನಿಂತಿತು,
ಆರ್ಗನ್ನಿಗೆ ನಲವತ್ತು ಸೆಕೆಂಡು.
ರೋಕಿ ಒಂದು ತಿಂಗಳು ಮಾತು ಬಿಟ್ಟ.
ಆಮೇಲೆ ಆ ನಲವತ್ತರಲ್ಲಿ ಅವನು ಬಾರಿಸಿದ್ದು,
ಹೇಗೆ ಹೇಳಲಿ,
ಮೆಟ್ಟಿಲು ಹತ್ತುವವನಲ್ಲ ಈಗ, ಮಹಡಿಯಿಂದ ಹಾರುವವನು.

ತೂತುಗಳಿಗೆ ನಾನು ಗೋಂದು ಹಚ್ಚಲಿಲ್ಲ.
ಸುಲೇಮಾನಿಗೆ ಹೋಗುವಷ್ಟು ಹೊತ್ತು ಮತ್ತೆ ಸಿಗಲಿಲ್ಲ.
ಹಾಗಾಗಿ ಹಾಡನ್ನು ಪೂರ್ತಿ ಕೇಳಬೇಕಾಯಿತು,
ಹನ್ನೊಂದು ವರ್ಷದಲ್ಲಿ ಮೊದಲ ಸಲ.