ಕೊಂಬು

ಬೆಟಗೇರಿಯಲ್ಲಿ ನಮ್ಮ ಓಣಿಗೆ ನಳ ಬರುವುದು ಹನ್ನೊಂದು ದಿನಕ್ಕೊಮ್ಮೆ,
ಅದೂ ರಾತ್ರಿ, ಅದೂ ಯಾವ ಹೊತ್ತಿಗೋ.
ಅವನು ಬರುವ ಗಳಿಗೆಯನ್ನು ಯಾರೂ ಅರಿಯರು
ಎಂದು ಸಭಾಪಾಲಕರು ಹೇಳುವಾಗ
ಎಡಗಡೆಯ ಹೆಂಗಸರೆಲ್ಲ ತಲೆಯಾಡಿಸುವುದು
ನೀರನ್ನು ನೆನೆದೇ, ಇದು ನನ್ನ ಗುಮಾನಿ.
ಕರುಣಮ್ಮಜ್ಜಿ ಮಾತ್ರ ಎರಡಕ್ಕೂ ಸಿದ್ಧ:
ತಲೆದಿಂಬಿನ ಹತ್ತಿರ ಒಂದು ಕೊಡ, ಒಂದು ಕನ್ನಡಕ.

ನಾನು ಗದಗಿನ ಛಾಪಖಾನೆಯಲ್ಲಿ ಕರಡು ತಿದ್ದುತ್ತೇನೆ.
ಈರಯ್ಯ ಸಾಹುಕಾರರ ಪ್ರೆಸ್ಸು, ಹಿಂದಿನ ಕೋಣೆ,
ಮಿಣುಕುವ ಟ್ಯೂಬ್‌ಲೈಟು, ಶಾಯಿಯ ವಾಸನೆ.
ಶ್ರೀ ವೀರಭದ್ರೇಶ್ವರ ಪ್ರಸನ್ನ,
ಶ್ರೀ ಯಲ್ಲಮ್ಮದೇವಿ ಪ್ರಸನ್ನ, ಬಿಸ್ಮಿಲ್ಲಾ,
ಡಿಸೆಂಬರಿನಲ್ಲಿ ನಮ್ಮವರದೂ ನಾಲ್ಕಾರು.
ಎಲ್ಲರ ನೆತ್ತಿಯ ಸಾಲನ್ನೂ
ಒತ್ತಕ್ಷರ ಸರಿಯಿದೆಯೇ ಎಂದು ನೋಡಿ ಬಿಟ್ಟವನು ನಾನು.
ಯಾವ ದೇವರೂ ತಪ್ಪು ಹೆಸರಿನಲ್ಲಿ ಯಾರ ಮನೆಗೂ ಹೋಗಬಾರದು.

ಇದರಿಂದ ಒಂದು ರೋಗ ಹತ್ತಿದೆ.
ಕಣ್ಣು ಮುಚ್ಚಿ ಕೂತರೂ
ರೆಪ್ಪೆಯೊಳಗೆ ಅಕ್ಷರ ಜೋಡಣೆ ನಡೆಯುತ್ತದೆ.
ಪ್ರಾರ್ಥನೆಯ ಅರ್ಕಾವೊತ್ತು ಎಲ್ಲಿ ಕೂತಿತೆಂದು ಹುಡುಕುವಷ್ಟರಲ್ಲಿ
ಉಳಿದವರು ಆಮೆನ್ ಅಂದುಬಿಟ್ಟಿರುತ್ತಾರೆ.

ಹೋದ ಏಪ್ರಿಲ್, ಕೋಟುಮಚಗಿಯ ಮದುವೆ. ಆರು ನೂರು ಕಾರ್ಡು.
ಮಶೀನಿನ ಮಕ್ತುಮ ಒಂದನ್ನು ಬೆಳಕಿಗೆ ಹಿಡಿದು
"ಲೇ ಸತ್ಯಮಿತ್ರ, ಏನಪಾ ಇದು?" ಅಂದ.
ವರ: ಚಿ. ಬಸಲಿಂಗ. ಅದರ ಕೆಳಗೆ
ವಧ: ಚಿ.ಸೌ. ದಾನೇಶ್ವರಿ.

ಒಂದು ಕೊಂಬು. ಬಿಟ್ಟುಹೋದದ್ದು ಅಷ್ಟೇ.

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಪಾಡಿತ್ತು.
"ಮತ್ತ ಹಾಕಾಕ ಹಾಳೀನೂ ಇಲ್ಲ, ಹೊತ್ತೂ ಇಲ್ಲ. ಪೆನ್ ತಗೋರಿ."
ಮೂವರೂ ನೆಲಕ್ಕೆ ಕೂತೆವು.
ನಡುವೆ ಮಿರ್ಚಿಯ ಪೊಟ್ಟಣ,
ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿ ಒರೆಸಿ
ಕೆಂಪು ಶಾಯಿಯಲ್ಲಿ ಒಂದೊಂದೇ ಕೊಂಬು.
ಸಾಹುಕಾರರದು ಹಳೆ ಸಾಲಿಮಾಸ್ತರರು ತೀಡಿಸಿದ್ದು, ದುಂಡಗೆ.
ಮಕ್ತುಮನದಕ್ಕೆ ಬಾಲ ಉದ್ದ.
ನನ್ನದು ಮುನ್ನೂರರ ಮೇಲೆ ನಡುಗತೊಡಗಿತು.

ಆ ಭಾನುವಾರ ಪಾಠ ಓದುವ ಸರದಿ ನನ್ನದಿತ್ತು,
ವಧೆಗೆ ಒಯ್ದ ಕುರಿಮರಿಯ ಭಾಗ.
ಅದೇ ಕುರಿಮರಿಗೆ ಕಡೆಗೊಂದು ಮದುವೆಯೆಂದೂ,
ಬೆಟಗೇರಿಯ ನೇಕಾರರು, ದಾದಿಯರು, ರೈಲಿನ ಗ್ಯಾಂಗ್‌ಮನ್ನರು
ನಾವೆಲ್ಲ ಸೇರಿ ಒಬ್ಬಳೇ ಮದುಮಗಳೆಂದೂ
ಅಜ್ಜಿ ಹೇಳಿಕೊಟ್ಟಿದ್ದಳು. ಸಣ್ಣವನಿದ್ದಾಗ ನಕ್ಕಿದ್ದೆ,
ಮೀಸೆಯ ಗ್ಯಾಂಗ್‌ಮನ್ ಸೀರೆಯುಟ್ಟಂತೆ ಕಂಡು.
ಆ ರಾತ್ರಿ ನಗು ಬರಲಿಲ್ಲ.
ಎರಡು ಮಾತಿನ ನಡುವೆ ಇರುವುದು
ಉಗುರಿನ ಕೊನೆಯಷ್ಟು ಶಾಯಿ.

ಬೆಳಗ್ಗೆ ಎಣಿಸಿದರೆ ಐನೂರ ತೊಂಬತ್ತೊಂಬತ್ತು.
ಒಂದನ್ನು ಹಿಂದಿನ ಮಧ್ಯಾಹ್ನವೇ
ಹುಡುಗಿಯ ಸೋದರಮಾವ ಒಯ್ದಿದ್ದ.
ಮೊದಲ ಕಾರ್ಡು ದೇವರಿಗೆ, ಅದು ಪದ್ಧತಿ.
ಹಾಗಾಗಿ ದೇವರ ಮುಂದಿರುವುದೇ
ತಿದ್ದದ ಪ್ರತಿ.

ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೋದವನ ಕತೆ
ನನಗೂ ಬಾಯಿಪಾಠ.
ಕೋಟುಮಚಗಿಗೆ ಬಸ್ಸು ಇಲ್ಲದ ಊರೇನಲ್ಲ ಗದಗು.
ಹೋಗಲಿಲ್ಲ.
ಸಾಹುಕಾರರ ಮರ್ಯಾದೆ ಎಂದು ಹೇಳಿಕೊಂಡೆ,
ನನ್ನ ಸಂಬಳ ಎಂದು ಹೇಳಿಕೊಳ್ಳಲಿಲ್ಲ.

ಈಗ ಮತ್ತೆ ಲಗ್ನದ ಹಂಗಾಮು.
ಭಾನುವಾರ, ಮೌನಪ್ರಾರ್ಥನೆಯ ಎರಡು ನಿಮಿಷ,
ಎಲ್ಲರೂ ತಮ್ಮತಮ್ಮವರ ಹೆಸರು ಹಿಡಿಯುವಾಗ
ಮೇಲೆ ಫ್ಯಾನು ಕಿರುಗುಡುತ್ತದೆ,
ಹಿಂದಿನ ಓಣಿಯಲ್ಲಿ ಒಂದು ಮಗ್ಗ ಭಾನುವಾರಕ್ಕೂ ನಿಲ್ಲುವುದಿಲ್ಲ.
ನಾನು ಮುಖ ಕಾಣದವಳ ಹೆಸರು ಹಿಡಿಯುತ್ತೇನೆ:
ದಾನೇಶ್ವರಿ ಚೆನ್ನಾಗಿರಲಿ.
ಅವಳ ಅತ್ತೆ ಒಳ್ಳೆಯವಳಿರಲಿ.
ಅವಳ ಮನೆಯ ನಳ ಹಗಲಿಗೇ ಬರಲಿ.
ಆಗ ಮಾತ್ರ ಅಕ್ಷರ ಕಾಣುವುದಿಲ್ಲ, ಒತ್ತಿಲ್ಲ, ದೀರ್ಘವಿಲ್ಲ.
ಇದು ನಂಬಿಕೆಯೋ ಹೆದರಿಕೆಯೋ, ಕೇಳಿದರೆ ಹೇಳಲಾರೆ.

ನಿನ್ನೆ ಮೂರರ ಜಾವಕ್ಕೆ ಅಜ್ಜಿ ಭುಜ ಅಲುಗಿಸಿದಳು.
"ಏಳೋ, ಬಂತು."
ಏನು ಬಂತು, ಯಾರು ಬಂದರು ಎಂದು ಕೇಳಲಿಲ್ಲ.
ಕೊಡ ಹಿಡಿದು ಓಡಿದೆ.