ಝಡ್ ಆದ ಮೇಲೆ ಟಿ

ಮಾರ್ಚ್ ತಿಂಗಳ ಕೊನೆ. ಕುರೆಸ್ಸಾರೆಯ ಬಂದರು ಕಚೇರಿ.
ಕಡಲು ಇನ್ನೂ ಅರ್ಧ ಗಟ್ಟಿ, ಅರ್ಧ ಅನುಮಾನ.
ಎರಡು ದ್ವೀಪಗಳ ದಂಡೆಯ ಊರುಗಳಿಂದ ಸಂಜೆಗೊಂದು ಸಾಲು:
ಊರ ಹೆಸರು, ಒಂದರ ತಲೆಯ ಮೇಲೊಂದು ಎರಡು ಚುಕ್ಕೆ,
ಆಮೇಲೆ ಮಂಜುಗಡ್ಡೆಯ ದಪ್ಪ, ಸೆಂಟಿಮೀಟರಿನಲ್ಲಿ.
ಅದನ್ನೆಲ್ಲ ಸೋಸಿ, ಜೋಡಿಸಿ, ಬಾಗಿಲಿಗಂಟಿಸುವ ಪಟ್ಟಿಯಾಗಿಸಲು
ಹನ್ನೊಂದು ಸಾಲಿನ ಸ್ಕ್ರಿಪ್ಟು. ನನ್ನದೇ.
ಗಾಳದವರು ಅದನ್ನು ಓದಿಯೇ ಕಡಲ ಮೇಲೆ ಕಾಲಿಡುತ್ತಾರೆ.

ಎಲ್ಲ ಯಂತ್ರದಲ್ಲೂ ಓಡುತ್ತದೆಂದು ಬೀಗಿದ್ದೆ.
ಸುಮ್ಮನೆ ಬಂದ ಬೀಗಲ್ಲ, ಪೆಟ್ಟು ತಿಂದು ಕಲಿತದ್ದು:
ಎಕೋಗೆ 'ಸಾಲು ಮುರಿಯಬೇಡ' ಎಂದರೆ
ಒಂದು ಯಂತ್ರ ತಲೆಯಾಡಿಸುತ್ತದೆ,
ಇನ್ನೊಂದು ಆ ಅಪ್ಪಣೆಯನ್ನೇ ಗಟ್ಟಿಯಾಗಿ ಓದುತ್ತದೆ, ಗಿಳಿಯಂತೆ.
ಸೆಡ್‌ಗೆ 'ಕಡತವನ್ನು ಇದ್ದಲ್ಲೇ ತಿದ್ದು' ಎಂದರೆ
ಲಿನಕ್ಸಿನದು ತಿದ್ದುತ್ತದೆ; ಬಿಎಸ್‌ಡಿಯದು
ಹಳೆಯ ಪ್ರತಿಗೆ ಬಾಲ ಯಾವುದೆಂದು ಕಾದು
ಮುಂದೆ ಸಿಕ್ಕ ಮಾತನ್ನೇ ಬಾಲವೆಂದು ನುಂಗುತ್ತದೆ.
ಒಂದೇ ಹೆಸರು, ಒಂದೇ ಮನೆತನ,
ಓರಗಿತ್ತಿಯರು; ಸಾರಿಗೆ ಮಾತ್ರ ಅವರವರ ಉಪ್ಪು.
ಹಾಗಾಗಿ ಪ್ರಿಂಟ್‌ಎಫ್ ಹಿಡಿದೆ. ಹೊಸ ಕಡತಕ್ಕೆ ಬರೆದು
ಹಳೆಯದರ ಜಾಗಕ್ಕೆ ಸರಿಸಿದೆ.
ಯಾವ ಮನೆಯ ಹಾಸಿಗೆ ಎಲ್ಲಕ್ಕಿಂತ ಗಿಡ್ಡವೋ
ಅದರಷ್ಟೇ ಕಾಲು ಚಾಚಿದೆ.

ಮೊನ್ನೆ ಟಾಲಿನ್ನಿಂದ ಹೊಸ ಯಂತ್ರ ಬಂತು,
ಹುಟ್ಟಾ ಎಸ್ತೋನಿಯನ್ ಮಾತಾಡುವಂಥದು.
ಪಟ್ಟಿ ಬಂತು. ತಕರಾರಿಲ್ಲ, ಸೊನ್ನೆ ಹೇಳಿ ಮುಗಿಸಿತು.
ಬಾಗಿಲ ಬಳಿ ಕನ್ನಡಕ ಒರೆಸುತ್ತ ಎರ್ನಾ ನಿಂತಳು,
ಇದೇ ಲೆಕ್ಕವನ್ನು ಶಾಯಿಯಲ್ಲಿ ಬರೆದವಳು, ಮೂವತ್ತು ಚಳಿಗಾಲ:
'ಉಂದ್ವಾ ಎಲ್ಲಿ? ವೇರೆ ಎಲ್ಲಿ? ಟುಹ್ಕಾನಾ?
ಅಲ್ಲೆಲ್ಲ ಕಡಲೇ ಇಲ್ಲವೇನು?'

ಹುಡುಕಿದೆ. ಎರಡು ಗಂಟೆ, ಮೂರು ಕಾಫಿ.
'ಮೊದಲಕ್ಷರ ಎ-ಯಿಂದ ಝಡ್‌ವರೆಗೆ' ಎಂದು ಬರೆದಿದ್ದೆ.
ನಮ್ಮ ಅಕ್ಷರಮಾಲೆಯಲ್ಲಿ ಝಡ್
ಎಸ್‌ನ ಸೆರಗು ಹಿಡಿದು ಕೂತಿದೆ, ಟಿ-ಗಿಂತ ಮೊದಲೇ.
ಒಂದನೇ ಕ್ಲಾಸಿನಲ್ಲಿ ರಾಗವಾಗಿ ಒಪ್ಪಿಸಿದ್ದು.
ಮರೆತದ್ದು ನಾನು, ನೆನಪಿಟ್ಟದ್ದು ಯಂತ್ರ.

ಪಕ್ಕದ ಮೇಜಿನ ಟಾರ್ವೊ ತಲೆಯೆತ್ತದೆ ಹೇಳಿದ:
'ಭಾಷೆಯನ್ನು ಸಿ ಮಾಡು.'
ಸಿ. ಯಾವ ತಾಯಿಯೂ ಅದರಲ್ಲಿ ಬೈದಿಲ್ಲ.
ಯಾವ ಊರಿನದೂ ಅಲ್ಲ, ಅದಕ್ಕೇ ಎಲ್ಲ ಊರಲ್ಲೂ ಒಂದೇ.
ಮಾಡಿದೆ. ಉಂದ್ವಾ ಬಂತು, ವೇರೆ ಬಂತು, ಟುಹ್ಕಾನಾ ಬಂತು.
ಎರ್ನಾಳ ಬೆರಳು ಸಾಲು ಸಾಲಾಗಿ ಇಳಿದು
ಪಟ್ಟಿ ಮುಗಿದ ಮೇಲೂ ಇಳಿಯಿತು, ಬಿಳಿ ಕಾಗದದ ಮೇಲೆ.
'ಔನಾಕು?'
ಅವಳು ಹುಟ್ಟಿದ ಊರು. ಅದರ ಮೊದಲಕ್ಷರ
ನೆತ್ತಿಯ ಮೇಲೆ ಪುಟ್ಟ ಅಲೆ ಹೊತ್ತ ಓ.
ಸಿ-ಗೆ ಅದು ಅಕ್ಷರವೇ ಅಲ್ಲ,
ಎರಡು ಬೈಟು, ಗುರುತಿಲ್ಲದವು.

ಆಗ ಆ ಎ-ಯನ್ನೂ ಅಳಿಸಿದೆ, ಝಡ್ಡನ್ನೂ.
ಹೆಸರೆಂದರೆ ಹೇಗಿರಬೇಕು ಎನ್ನಲು ನಾನ್ಯಾರು?
ಈಗ ಸ್ಕ್ರಿಪ್ಟು ನೋಡುವುದು ಇಷ್ಟೇ:
ಎರಡು ಚುಕ್ಕೆ ಸಿಗುವವರೆಗೆ ಬಂದದ್ದೆಲ್ಲ ಊರು.

ಬಿಎಸ್‌ಡಿಯಲ್ಲಿ ಓಡಿತು. ಟಾಲಿನ್ನಿನದರಲ್ಲಿ ಓಡಿತು.
ಮೂಲೆಯ ಸೋಲಾರಿಸ್ ಮುದುಕ, ಫ್ಯಾನು ಕೆಮ್ಮಿ, ಓಡಿಸಿದ.
ಔನಾಕು: ನಾಲ್ಕು.

ಎರ್ನಾ ಹಲ್ಲಿನಲ್ಲಿ ಟೇಪು ಹರಿದು ಪಟ್ಟಿ ಅಂಟಿಸಿದಳು.
ನಾಲ್ಕರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಳು,
ಕಾಗದ ಹರಿಯುವಷ್ಟು ಒತ್ತಿ.