ಮೂರು ರಾತ್ರಿಯ ಒಡೆತನ

ಹದಿನಾಲ್ಕು ಜನ ನಾವು, ಸಂಡರ್‌ಲ್ಯಾಂಡಿನ ಬಸ್ ಡಿಪೋದವರು,
ತಲೆಗೆ ನೂರೆಪ್ಪತ್ತು ಪೌಂಡು ಹಾಕಿ
ಮುನ್ನೂರು ವರ್ಷದ ಬಂಗಲೆಗೆ
ಮೂರು ರಾತ್ರಿಯ ಒಡೆಯರಾದೆವು.

ಬೀಗದ ಕೈ ಕೊಟ್ಟವನು ಮೊಣಕೈ ಹರಿದ ಸ್ವೆಟರಿನ ಮುದುಕ:
"ಬಿಸಿನೀರಿಗೆ ನಲವತ್ತು ನಿಮಿಷ ಬೇಕು.
ಕೆಂಪು ಕುರ್ಚಿಯಲ್ಲಿ ಕೂರಬೇಡಿ, ಕಾಲು ಸಡಿಲ."
ಡೋರೀನ್ ಕೂತೇಬಿಟ್ಟಳು. ಕುರ್ಚಿ ತೆಪ್ಪಗಿತ್ತು.

ದೊಡ್ಡ ಮಂಚಕ್ಕೆ ಚೀಟಿ ಎತ್ತಿದೆವು.
ಗೆದ್ದವನು ಕ್ಲೆಮ್,
ಮೂವತ್ತು ವರ್ಷ ಬೆಳಗಿನ ಮೊದಲ ಬಸ್ಸು ಓಡಿಸಿದವನು;
ನಾಲ್ಕಕ್ಕೇ ಎದ್ದು, ಅಷ್ಟಗಲ ಹಾಸಿಗೆಯ ಅಂಚಿನಲ್ಲಿ
ಬೂಟು ಹಾಕಿಕೊಂಡು ಕೂತಿದ್ದ,
ಎಲ್ಲಿಗೆ ಹೋಗಬೇಕೋ ತಿಳಿಯದೆ.

ಎರಡನೆಯ ದಿನ ಮೆಟ್ಟಿಲ ತಿರುವಿನಲ್ಲಿ ಡೋರೀನ್ ನಿಂತಳು.
ಪಟದೊಳಗಿನ ದಂಡನಾಯಕನಿಗೂ ಅದೇ ಮೂಗು,
ಎಡಕ್ಕೆ ತುಸು ವಾಲಿದ್ದು.
ಕೆಳಗೆ ಆ ಮೂಗಿನವನು ಮಂಡಿಯೂರಿ
ನಮ್ಮ ಒಲೆಯ ಬೂದಿ ಬಳಿಯುತ್ತಿದ್ದ.
ಆಮೇಲೆ ಅವನೆದುರು ಯಾರೂ ಗಟ್ಟಿಯಾಗಿ ನಗಲಿಲ್ಲ.
ಅದೂ ಅವನಿಗೆ ಹಿಡಿಸಿದಂತಿರಲಿಲ್ಲ.

ಹೊರಡುವ ಬೆಳಿಗ್ಗೆ ಬೆಳ್ಳಿ ಚಮಚ ಎಣಿಸಿದ,
ತುಟಿ ಅಲ್ಲಾಡಿಸುತ್ತ, ಎರಡು ಸಲ.
"ಒಂದು ಹೆಚ್ಚಿದೆ," ಎಂದ.
ಡಿಪೋ ಕ್ಯಾಂಟೀನಿನ ಸ್ಟೀಲಿನದು, ಹಿಡಿ ಸೊಟ್ಟ.
ನಮ್ಮದು ಅಂತ ಯಾರೂ ಬಾಯಿ ಬಿಡಲಿಲ್ಲ.
ಸ್ವೆಟರಿನ ತುದಿಯಿಂದ ಅದನ್ನೂ ಒರೆಸಿ
ಮಖಮಲ್ಲಿನ ಪೆಟ್ಟಿಗೆಗೆ ಹಾಕಿದ.